ಆಡಿದೆನಂತೆ

ಫುಟ್‌ಸ್ಕ್ರೇ, ಮೆಲ್ಬರ್ನ್
ಶನಿವಾರ ರಾತ್ರಿ

ಚಿ|| ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಇಮೇಲ್ ಗುರುವಾರ ಬಂತು. ಪರ್ತ್‌ನ ಹೊಸ ಮನೆ, ಜೊತೆಗಿರುವ ಹುಡುಗಿಯರು, ನಿನ್ನ ಅಡುಗೆಯ ಪಾಡು, ಎಲ್ಲವನ್ನೂ ದೊಡ್ಡಮ್ಮನಿಗೆ ಓದಿ ಹೇಳಿದೆ. ಕೊನೆಯಲ್ಲಿ ಫುಟ್‌ಬಾಲ್ ಮ್ಯಾಚಿನ ಬಗ್ಗೆ ಬರೆದ ಸಾಲುಗಳನ್ನು ಮಾತ್ರ ಓದಲಿಲ್ಲ. "ತಲೆಗೆ ಸ್ವಲ್ಪ ತಾಗಿತು, ಮೂರನೇ ಕ್ವಾರ್ಟರ್ ನೆನಪಿಲ್ಲ ದೊಡ್ಡಪ್ಪ, ಆದರೆ ಚೆನ್ನಾಗಿ ಆಡಿದೆನಂತೆ."

ನಿನಗೆ ಅಕ್ಷರ ತಿದ್ದಿಸಿದವನು ನಾನು. ಈ 'ಅಂತೆ' ಎಲ್ಲಿ ಬರುತ್ತದೆ ಅಂತ ನಿನಗೆ ಚೆನ್ನಾಗಿ ಗೊತ್ತು. ಊರಲ್ಲಿ ಮಳೆಯಂತೆ, ಪಕ್ಕದ ಮನೆ ಹುಡುಗಿಗೆ ಮದುವೆಯಂತೆ. ನಾವು ಕಾಣದ್ದಕ್ಕೆ, ಇನ್ನೊಬ್ಬರ ಬಾಯಲ್ಲಿ ಕೇಳಿದ್ದಕ್ಕೆ. ನೀನೇ ಓಡಿ, ನೀನೇ ಬಿದ್ದು, ನೀನೇ ಎದ್ದ ಆಟಕ್ಕೆ 'ಅಂತೆ' ಹಚ್ಚಿ ಬರೆದಿದ್ದೀಯಲ್ಲ ಮಗಳೇ, ಎರಡು ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಫೋನ್ ಮಾಡೋಣ ಅಂದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಟ ಬಿಡು ಅನ್ನಲು ಕೂತಿಲ್ಲ. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಈ ಆಸ್ಟ್ರೇಲಿಯದ ಫುಟ್‌ಬಾಲ್ ನಮ್ಮ ಮನೆಯೊಳಗೆ ಬಂದದ್ದೇ ನನ್ನಿಂದ. ಟ್ರ್ಯಾಮ್ ಓಡಿಸುತ್ತಿದ್ದ ಕಾಲದಲ್ಲಿ, ಶನಿವಾರ ಸಂಜೆ ವೆಲ್ಲಿಂಗ್ಟನ್ ಪರೇಡ್‌ನಲ್ಲಿ ಎಂಸಿಜಿ ಮೈದಾನದಿಂದ ಜನ ಹೊರಬಂದು ಹತ್ತುವಾಗ, ಯಾವ ಬಣ್ಣದ ಮಫ್ಲರಿನವರು ನಗುತ್ತಿದ್ದಾರೆ ಅಂತ ಕನ್ನಡಿಯಲ್ಲಿ ನೋಡಿದರೆ ಸಾಕು, ಗೆದ್ದವರು ಯಾರೆಂದು ಗೊತ್ತಾಗುತ್ತಿತ್ತು. ಈ ದೇಶದಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಆ ಜನ. 2017ರಲ್ಲಿ ಹೆಂಗಸರ ಲೀಗ್ ಶುರುವಾದಾಗ ನಿನ್ನನ್ನು ಕರೆದುಕೊಂಡು ಹೋದವನೂ ನಾನೇ. ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದೇ.

ಆದರೆ ಮೂರನೇ ಕ್ವಾರ್ಟರ್, ಆಟದ ಕಾಲು ಭಾಗವೇ ನೆನಪಿಲ್ಲ ಅನ್ನುತ್ತೀಯಲ್ಲ.

2023ರ ಸೆಪ್ಟೆಂಬರ್ 7ರ ರಾತ್ರಿ ನಾನು ಎಂಸಿಜಿಯಲ್ಲಿದ್ದೆ. ಕಾಲಿಂಗ್‌ವುಡ್‌ಗೂ ಮೆಲ್ಬರ್ನ್‌ಗೂ ಫೈನಲ್ಸ್ ಮ್ಯಾಚು. ಶುರುವಾಗಿ ಇನ್ನೂ ಜನ ಸೀಟು ಹುಡುಕಿ ಕೂರುತ್ತಿದ್ದರು. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ ಚೆಂಡನ್ನು ಒದ್ದ, ಅದನ್ನು ತಡೆಯಲು ಎದುರಿನಿಂದ ಹಾರಿದವನ ಭುಜ ಇವನ ಮುಖಕ್ಕೆ ಬಡಿಯಿತು. ಅಷ್ಟು ದೊಡ್ಡ ಜನಸಾಗರ ಒಮ್ಮೆಗೇ ಸುಮ್ಮನಾಯಿತು. ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದರು. ಅವನು ಹೆಲ್ಮೆಟ್ ಹಾಕುತ್ತಿದ್ದ ಹುಡುಗ, ನೋಡು. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗೆ ಮಿದುಳು ಅಲ್ಲಾಡುವುದನ್ನು ಅದು ಹೇಗೆ ತಡೆದೀತು? ಮುಂದಿನ ಫೆಬ್ರವರಿಯಲ್ಲಿ ಆಟ ಬಿಟ್ಟ. ಆಗ ಅವನಿಗೆ 28.

ಇಲ್ಲೇ ನಮ್ಮ ಮನೆಯ ಹತ್ತಿರ, ವಿಟನ್ ಓವಲ್‌ನಲ್ಲಿ ಬುಲ್‌ಡಾಗ್ಸ್ ತಂಡದವರು ತಾಲೀಮು ಮಾಡುವುದನ್ನು ನೋಡಲು ನಾನು ಹೋಗುತ್ತಿರುತ್ತೇನೆ. ಹೊಸ ಆಟಗಾರರನ್ನು ಆರಿಸಿಕೊಳ್ಳುವ 2023ರ ಡ್ರಾಫ್ಟಿನಲ್ಲಿ ಅವರಿಗೆ ಏಡನ್ ಓಡ್ರಿಸ್ಕಾಲ್ ಅಂತ ಹುಡುಗ ಬಂದ. ತಾಲೀಮಿನಲ್ಲೇ ತಲೆಗೆ ಏಟಾಗಿ, ಒಂದು ಮ್ಯಾಚೂ ಆಡದೆ ಮರುವರ್ಷ ನಿಲ್ಲಿಸಬೇಕಾಯಿತು. ಮೀಸೆ ಚಿಗುರುವ ವಯಸ್ಸು.

ನಿನ್ನನ್ನು ಹೆದರಿಸುತ್ತಿದ್ದೇನೆ, ಅಲ್ಲವಾ? ಹೆದರಿರುವವನು ನಾನು.

ನಿನ್ನ ಚಿಕ್ಕಪ್ಪನ ಕೊನೆಯ ವರ್ಷಗಳು ನಿನಗೆ ಗೊತ್ತು, ಅದನ್ನು ಬರೆಯುವುದಿಲ್ಲ. ಗೊತ್ತಿಲ್ಲದ್ದು ಒಂದಿದೆ. ನಿಮ್ಮಪ್ಪನಿಗೂ ಗೊತ್ತಿಲ್ಲ. 1979, ತೀರ್ಥಹಳ್ಳಿಯ ಹತ್ತಿರ ಒಂದು ಊರಲ್ಲಿ ರಾತ್ರಿ ಕಬಡ್ಡಿ. ನಾನು ಕ್ಯಾಪ್ಟನ್, ಅವನು ನಮ್ಮ ರೈಡರ್. ಗೆರೆ ಮುಟ್ಟಲು ಜಿಗಿದವನ ಕಾಲನ್ನು ಎಳೆದರು, ಹಿಂದಲೆ ನೆಲಕ್ಕೆ ಬಡಿಯಿತು. ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಹೊರಗೆ ಕೂರಿಸಿ ಮುಖಕ್ಕೆ ನೀರು ಚಿಮುಕಿಸಿದೆ. "ಎಷ್ಟು ಬೆರಳು?" ಅಂದೆ. "ಮೂರು" ಅಂದ. ನಾನು ತೋರಿಸಿದ್ದು ಎರಡು. ನಾಲ್ಕು ಪಾಯಿಂಟ್ ಹಿಂದಿದ್ದೆವು. ಬೆನ್ನು ತಟ್ಟಿ ಒಳಗೆ ಕಳಿಸಿದೆ.

ಗೆದ್ದೆವು. ಒಂದು ಗೋಡೆ ಗಡಿಯಾರ ಕೊಟ್ಟರು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಆ ಗಡಿಯಾರವನ್ನೇ ನೋಡಿ ನಿನ್ನ ಚಿಕ್ಕಪ್ಪ ಕೇಳಿದ: "ಅಣ್ಣಾ, ನಾವು ಗೆದ್ದೆವಂತೆ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದೆ ಅವನಿಗೆ ಆದದ್ದೆಲ್ಲ ಆ ಏಟಿನಿಂದಲೇ ಅಂತ ಯಾವ ಡಾಕ್ಟರೂ ಹೇಳಿಲ್ಲ, ನಾನು ಹೇಳುವ ಹಾಗೂ ಇಲ್ಲ. ಆದರೆ ಎರಡು ಬೆರಳಿಗೆ ಮೂರು ಅಂದದ್ದನ್ನು ಕೇಳಿಸಿಕೊಂಡವನು ನಾನೊಬ್ಬನೇ. ಮೊನ್ನೆ ನಿನ್ನ ಸಾಲು ಓದಿದಾಗ ಅವನ ದನಿಯೇ ಕೇಳಿದ ಹಾಗಾಯಿತು.

ಈ ವರ್ಷ ಕಾಂಟ್ರಾಕ್ಟ್ ಮುಗಿಯುತ್ತದೆ, ಡಾಕ್ಟರಿಗೆ ಹೇಳಿದರೆ 12 ದಿನ ಹೊರಗೆ ಕೂರಿಸುತ್ತಾರೆ ಅಂತ ಬರೆದಿದ್ದೀಯ. ಒಂದು ಮ್ಯಾಚು, ಹೆಚ್ಚೆಂದರೆ ಎರಡು. ನಮ್ಮ ಬೀದಿಯ ಕ್ಲಬ್ಬಿನ ಮಕ್ಕಳಿಗೇ 21 ದಿನದ ನಿಯಮ ಮಾಡಿದ್ದಾರೆ. ಕಾಂಟ್ರಾಕ್ಟಿನ ಚಿಂತೆ ಸಣ್ಣದು ಅನ್ನುತ್ತಿಲ್ಲ. ನಾನು ಸಂಬಳ ಎಣಿಸಿ ಬದುಕಿದವನು. ಪ್ಲೇಯರ್ಸ್ ಅಸೋಸಿಯೇಷನ್ ಅಂತ ನಿಮ್ಮದೇ ಸಂಘ ಇದೆಯಲ್ಲ, ಅವರನ್ನು ಒಮ್ಮೆ ಕೇಳಬಹುದೇನೋ. ಡಾಕ್ಟರು ನೋಡುವವರೆಗೆ ಕಾರು ನೀನು ಓಡಿಸಬೇಡ, ಜೊತೆಯವರು ಯಾರಾದರೂ ಓಡಿಸಲಿ. ನಿಮ್ಮ ಕೆಲಸದಲ್ಲಿ ತಲೆ ಹಾಕುತ್ತಿದ್ದೇನೆ ಅನ್ನಿಸಿದರೆ ಕ್ಷಮಿಸು.

ಹೆದರ್ ಆಂಡರ್ಸನ್ ನೆನಪಿದ್ದಾಳಾ? ಮೊದಲ ವರ್ಷ ಕಪ್ ಗೆದ್ದ ಅಡಿಲೇಡ್ ತಂಡದವಳು, ಗುಲಾಬಿ ಬಣ್ಣದ ಹೆಲ್ಮೆಟ್ಟಿನವಳು. ಅವಳ ತಾಯಿಗೆ ಕಣ್ಣು ಮಂದ. ಮೈದಾನದಲ್ಲಿ ಮಗಳು ಎಲ್ಲಿದ್ದಾಳೆ ಅಂತ ಅಮ್ಮನಿಗೆ ಕಾಣಲಿ ಅಂತ ಆ ಬಣ್ಣ ಹಾಕುತ್ತಿದ್ದಳು. 2022ರಲ್ಲಿ, 28ಕ್ಕೇ ಹೋಗಿಬಿಟ್ಟಳು. ಹೆತ್ತವರು ಮಿದುಳನ್ನು ದಾನ ಕೊಟ್ಟರು, ಪರೀಕ್ಷೆಯಲ್ಲಿ ಸಿಟಿಇ, ಅಂದರೆ ತಲೆಗೆ ಮತ್ತೆ ಮತ್ತೆ ಏಟು ಬಿದ್ದು ಬರುವ ಮಿದುಳಿನ ಕಾಯಿಲೆ, ಕಂಡುಬಂತು. ವೃತ್ತಿಪರ ಆಟಗಾರ್ತಿಯಲ್ಲಿ ಅದು ಸಿಕ್ಕಿದ್ದು ಅದೇ ಮೊದಲು. ಆ ಕಾಯಿಲೆ ಇದೆಯೋ ಇಲ್ಲವೋ ಅಂತ ಜೀವ ಇರುವಾಗ ಖಚಿತವಾಗಿ ತಿಳಿಯುವುದಿಲ್ಲ. ಆ ಗುಲಾಬಿ ಹೆಲ್ಮೆಟ್ ಎರಡು ದಿನದಿಂದ ನನ್ನ ಕಣ್ಣ ಮುಂದೆಯೇ ಇದೆ.

ಆ ಮೂರನೇ ಕ್ವಾರ್ಟರನ್ನು ನಾನು ಟಿವಿಯಲ್ಲಿ ನೋಡಿದ್ದೆ ಪುಟ್ಟೀ. ನಿನಗೆ ನೆನಪಿಲ್ಲವಾದ್ದರಿಂದ ಹೇಳುತ್ತೇನೆ. ಚೆಂಡಿಗೆ ಬಗ್ಗಿದಾಗ ಆ ಕಡೆಯವಳ ಸೊಂಟ ನಿನ್ನ ಕಿವಿಯ ಹತ್ತಿರ ಬಡಿಯಿತು. ಒಂದು ಮೊಣಕಾಲೂರಿ ಕೂತು, ಏನೋ ಬಿದ್ದುಹೋದದ್ದನ್ನು ಹುಡುಕುವ ಹಾಗೆ ಅಂಗೈಯಿಂದ ಹುಲ್ಲನ್ನು ಸವರಿದೆ. ಎದ್ದು ಎದುರಾಳಿಗಳ ಗೋಲಿನ ಕಡೆ ಬಿಟ್ಟು ನಿಮ್ಮದೇ ಕಡೆಗೆ ನಾಲ್ಕು ಹೆಜ್ಜೆ ಓಡಿದೆ. ಜೊತೆಯವಳು ಭುಜ ಹಿಡಿದು ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಎತ್ತರಕ್ಕೆ ಹಾರಿ ಚೆಂಡನ್ನು ಗಾಳಿಯಲ್ಲೇ ಹಿಡಿದು ಮಾರ್ಕ್ ಮಾಡಿದೆ, ಗೋಲು ಹೊಡೆದೆ. ನಾನು ಸೋಫಾದಿಂದ ಎದ್ದು ಚಪ್ಪಾಳೆ ತಟ್ಟಿದೆ. ಆ ನಾಲ್ಕು ಹೆಜ್ಜೆ ನೋಡಿಯೂ ತಟ್ಟಿದೆ.

ಇದನ್ನೆಲ್ಲ ಕ್ಲಬ್ಬಿನ ಡಾಕ್ಟರಿಗೆ ಹೀಗೇ ಹೇಳು. ನಾಳೆ ಭಾನುವಾರ ಅಂತ ಕಾಯಬೇಡ, ಬೆಳಿಗ್ಗೆಯೇ ಫೋನ್ ಮಾಡು. ಅವರಿಗೆ ಇಂಗ್ಲಿಷಿನಲ್ಲಿ ಹೇಳುವಾಗ ನಮ್ಮ 'ಅಂತೆ' ಬಿಟ್ಟುಹೋಗುತ್ತದೆ, ಚೆನ್ನಾಗಿ ಆಡಿದೆ ಅಂತಷ್ಟೇ ಕೇಳಿಸುತ್ತದೆ. ಅದಕ್ಕೇ ನೆನಪಿಲ್ಲ ಅನ್ನುವುದನ್ನೇ ಮೊದಲು ಹೇಳು. ಆಮೇಲೆ ನನಗೆ ಫೋನ್ ಮಾಡು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ, ಎದ್ದಿರುತ್ತೇನೆ.

ನಿನ್ನ
ದೊಡ್ಡಪ್ಪ