ಅಮ್ಮನಿಗೆ, ಪುಟ್ಟನ ಮರೆವಿನ ಬಗ್ಗೆ

ಪ್ರೀತಿಯ ಅಮ್ಮ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಪುಟ್ಟ ಪಕ್ಕದಲ್ಲೇ ಕೂತಿದ್ದ, ಅವನ ಎದುರಿಗೇ ಅವನ ವಿಷಯ ಮಾತಾಡುವುದು ಬೇಡ ಅನ್ನಿಸಿತು. "ಹೋದ ಸಲ ಬಂದಾಗ ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದರು ಅಂತ ಕೂಡ ಹೇಳ್ತಾನೆ, ಈಗ ತಾನೇ ಹೇಳಿದ ಎರಡು ಕೆಲಸ ಹೇಗೆ ಮರೆತುಹೋಗುತ್ತೆ? ಬೇಕಂತಲೇ ಮಾಡ್ತಾನೆ, ಅಲ್ವಾ?" ಅಂತ ನೀನು ಕೇಳಿದ್ದೆ.

ಬೇಕಂತ ಅಲ್ಲಮ್ಮ. ಅವನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲಿಸುವುದು, ತನ್ನನ್ನು ತಾನು ತಡೆದುಕೊಳ್ಳುವುದು ಕಷ್ಟವಾಗುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದು ದಿನ ಬೆಳಿಗ್ಗೆ, "ಮೇಲೆ ಹೋಗಿ ಬ್ಯಾಗ್ ತಗೊಂಡು, ಲೈಟ್ ಆರಿಸಿ, ಸಾಕ್ಸ್ ಹಾಕ್ಕೊಂಡು ಬಾ" ಅಂದೆ. ಹತ್ತು ನಿಮಿಷ ಆದರೂ ಬರಲಿಲ್ಲ. ಹೋಗಿ ನೋಡಿದರೆ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ನೆಲದ ಮೇಲೆ ಮಲಗಿ ಪುಸ್ತಕ ನೋಡುತ್ತಿದ್ದ. ನಾನು ಕೂಗಾಡಿದೆ. ಅವನು ಹೆದರಿಕೊಂಡು, "ಯಾಕೆ ಮೇಲೆ ಬಂದೆ ಅಂತ ಗೊತ್ತಾಗ್ಲಿಲ್ಲ ಅಮ್ಮ" ಅಂದ. ಆಗ ಅದು ನೆಪ ಅನ್ನಿಸಿತ್ತು. ಅವನು ಹೇಳಿದ್ದು ಪೂರ್ತಿ ನಿಜವೇ ಆಗಿತ್ತು.

ನೆನಪು ಅನ್ನುವುದು ಒಂದೇ ಡಬ್ಬಿ ಅಲ್ಲ. ಹಳೆಯದನ್ನು ಕಾಪಾಡಿ ಇಡುವ ನೆನಪು ಬೇರೆ, ಈಗಿನ ಕೆಲಸ ಮುಗಿಯುವವರೆಗೆ ಬೇಕಾದ್ದನ್ನು ಹಿಡಿದುಕೊಂಡಿರುವ ನೆನಪು ಬೇರೆ. ಎರಡನೆಯದನ್ನು ಮನಶ್ಶಾಸ್ತ್ರಜ್ಞರು ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ನೀನು ನನಗೆ ಕೂಡುವ ಲೆಕ್ಕ ಕಲಿಸುವಾಗ "ಎಂಟು ಐದು ಹದಿಮೂರು, ಮೂರು ಬರಿ, ಕೈಲಿ ಒಂದು" ಅನ್ನುತ್ತಿದ್ದೆ ನೋಡು. ಆ ಒಂದನ್ನು ಮುಂದಿನ ಸಾಲು ಕೂಡುವವರೆಗೆ ಬಿಡದೆ ಹಿಡಿದುಕೊಳ್ಳಬೇಕಲ್ಲ, ಅದೇ ಇದು. ಪುಟ್ಟನ ಕೈಯಿಂದ ಆ ಒಂದು ಜಾರಿಹೋಗುತ್ತದೆ. ಲೆಕ್ಕ ಗೊತ್ತಿಲ್ಲ ಅಂತಲ್ಲ, ದಾರಿಯಲ್ಲಿ ಬಿದ್ದುಹೋಗುತ್ತದೆ.

ದೊಡ್ಡವರಿಗೂ ಈ ನೆನಪಿನಲ್ಲಿ ಜಾಗ ಜಾಸ್ತಿ ಇಲ್ಲ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸಲಕ್ಕೆ ಸುಮಾರು 7 ಸಂಗತಿ ಹಿಡಿಯುತ್ತದೆ ಅಂದಿದ್ದರು, ಆಮೇಲೆ 2001ರಲ್ಲಿ ನೆಲ್ಸನ್ ಕೋವನ್ ಅನ್ನುವವರು ಸುಮಾರು 4 ಅಷ್ಟೇ ಅಂದರು. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಎಡಿಎಚ್‌ಡಿ ಇರುವ ಬಹಳ ಮಕ್ಕಳಿಗೆ ಇನ್ನೂ ಕಡಿಮೆ. ಎಲ್ಲರಿಗೂ ಅಲ್ಲ, ಕೆಲವರಿಗೆ ಈ ನೆನಪು ಚೆನ್ನಾಗಿಯೇ ಇದ್ದು ಗಮನದ ತೊಂದರೆ ಮಾತ್ರ ಇರುತ್ತದೆ. ನಮ್ಮ ಪುಟ್ಟನಿಗೆ ಎರಡೂ ಇದೆ.

ಅದು ಹೇಗೆ ಗೊತ್ತಾಯಿತು ಅಂದರೆ, ಟೆಸ್ಟ್ ಮಾಡಿದ ಡಾಕ್ಟರಮ್ಮ ಅಂಕಿಗಳನ್ನು ಒಂದೊಂದಾಗಿ ಹೇಳಿ ಅದೇ ಕ್ರಮದಲ್ಲಿ ಹೇಳಿಸಿದರಂತೆ. ಅದು ಪರವಾಗಿಲ್ಲ. ಆಮೇಲೆ ಹಿಂದಿನಿಂದ ಮುಂದಕ್ಕೆ ಹೇಳು ಅಂದರೆ ಮೂರು ಅಂಕಿಗೇ ತಡವರಿಸಿದ. ಹಿಡಿದುಕೊಂಡೂ ಇರಬೇಕು, ತಿರುಗಿಸಲೂ ಬೇಕು, ಅದು ಕಷ್ಟ. ಮರದ ತುಂಡುಗಳನ್ನು ಅವರು ಮುಟ್ಟಿದ ಕ್ರಮದಲ್ಲೇ ಮುಟ್ಟುವ ಟೆಸ್ಟಿನಲ್ಲಿ ಇನ್ನೂ ಹಿಂದೆ ಬಿದ್ದ. ಎಡಿಎಚ್‌ಡಿ ಮಕ್ಕಳಲ್ಲಿ ಮಾತಿನ ನೆನಪಿಗಿಂತ ಜಾಗದ ನೆನಪು, ಅಂದರೆ ಯಾವುದು ಎಲ್ಲಿದೆ ಅನ್ನುವುದು, ಹೆಚ್ಚು ಪೆಟ್ಟು ತಿಂದಿರುತ್ತದಂತೆ. ಆದರೆ ಅದೇ ರಿಪೋರ್ಟಿನಲ್ಲಿ ಪದಗಳ ಅರ್ಥ ಹೇಳುವುದರಲ್ಲಿ, ಚಿತ್ರಗಳಲ್ಲಿ ಹೊಂದಿಕೆ ಹುಡುಕುವುದರಲ್ಲಿ ಅವನು ತನ್ನ ವಯಸ್ಸಿಗಿಂತ ಮುಂದಿದ್ದಾನೆ ಅಂತಲೂ ಇದೆ. ಬುದ್ಧಿ ಕಡಿಮೆ ಅನ್ನುವ ಮಾತನ್ನು ಇನ್ನು ಮುಂದೆ ಯಾರೇ ಆಡಿದರೂ ನೀನು ಸುಮ್ನೆ ಇರಬೇಡ.

ಇನ್ನು ಆ ಬಟ್ಟೆಯ ಬಣ್ಣ. ಮನಸ್ಸು ಹಿಡಿದದ್ದು ಅವನ ಹಳೆಯ ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ನಮಗಿಂತ ಚೆನ್ನಾಗಿ. ಒಳಗೆ ಹೋಗುವ ಮೊದಲೇ ಜಾರಿಬಿದ್ದದ್ದು ಮಾತ್ರ ಅಲ್ಲಿಗೆ ತಲುಪುವುದೇ ಇಲ್ಲ. ಹಾಗಿರುವಾಗ "ನೆನಪು ಮಾಡಿಕೋ, ನೆನಪು ಮಾಡಿಕೋ" ಅಂತ ಒತ್ತಾಯ ಮಾಡಿದರೆ ಅವನು ಎಲ್ಲಿಂದ ತರಬೇಕು ಹೇಳು.

ಇದರ ಜೊತೆ ಇನ್ನೊಂದಿದೆ, ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ. ಮೆಟ್ಟಿಲು ಹತ್ತುವಾಗ ಪುಸ್ತಕ ಕಂಡರೆ ನಾವು "ಆಮೇಲೆ ನೋಡೋಣ" ಅಂತ ಮುಂದೆ ಹೋಗುತ್ತೇವೆ. ಅವನಿಗೆ ಆ "ಆಮೇಲೆ" ಅನ್ನುವುದು ತಕ್ಷಣ ಬರುವುದಿಲ್ಲ. ಪುಸ್ತಕ ಒಳಗೆ ಬಂತು, ಬ್ಯಾಗು ಹೊರಗೆ ಹೋಯಿತು, ಅಷ್ಟೇ.

ಈ ಕೆಲಸಗಳನ್ನೆಲ್ಲ ನೋಡಿಕೊಳ್ಳುವುದರಲ್ಲಿ ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ದೊಡ್ಡ ಪಾಲು. 2007ರಲ್ಲಿ ಅಮೆರಿಕದ ವಿಜ್ಞಾನಿಗಳು ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದರು. ಮಿದುಳಿನ ಹೊರಪದರದ ಅರ್ಧ ಭಾಗ ತನ್ನ ಪೂರ್ತಿ ದಪ್ಪಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಸುಮಾರು 7.5 ವರ್ಷಕ್ಕೆ, ಎಡಿಎಚ್‌ಡಿ ಇರುವವರಲ್ಲಿ ಸುಮಾರು 10.5ಕ್ಕೆ. ಬೆಳೆಯುವ ಕ್ರಮ ಅದೇ, ಆದರೆ ತಡ, ಅದರಲ್ಲೂ ಈ ಮುಂಭಾಗದಲ್ಲಿ ತಡ ಜಾಸ್ತಿ. ಅಂದರೆ ಕೆಲವು ವಿಷಯಗಳಲ್ಲಿ ಅವನನ್ನು ಒಂಬತ್ತರ ಹುಡುಗ ಅಂದುಕೊಳ್ಳದೆ ಆರರ ಹುಡುಗ ಅಂದುಕೊಂಡರೆ ನಮಗೂ ಅವನಿಗೂ ಸುಲಭ. ಬೆಳೆದ ಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ ಅಂತ ಮಾತ್ರ ಹೇಳಲಾರೆ, ಬಹಳ ಜನರಿಗೆ ದೊಡ್ಡವರಾದ ಮೇಲೂ ಸ್ವಲ್ಪ ಉಳಿಯುತ್ತದೆ.

ಅಪ್ಪನಿಗೆ ಪುಟ್ಟನ ಎಡಿಎಚ್‌ಡಿ ಮಾತ್ರೆಯ ಚಿಂತೆ ಅಂದೆಯಲ್ಲ. ಮಾತ್ರೆ ಬುದ್ಧಿಯನ್ನು ಬದಲಿಸುವುದಿಲ್ಲ. ಅದು ಕೆಲಸ ಮಾಡುವ ಕೆಲವು ಗಂಟೆ ಗಮನ ನಿಲ್ಲುತ್ತದೆ, ಹಿಡಿದುಕೊಳ್ಳುವುದು ಸ್ವಲ್ಪ ಸುಲಭವಾಗುತ್ತದೆ. ಹಸಿವು ಕಡಿಮೆಯಾಗಬಹುದು, ಅದಕ್ಕೇ ಡಾಕ್ಟರು ತೂಕ, ಎತ್ತರ ನೋಡುತ್ತಲೇ ಇರುತ್ತಾರೆ. ನೆನಪಿನ ಶಕ್ತಿ ಹೆಚ್ಚಿಸುವ ಕಂಪ್ಯೂಟರ್ ಆಟಗಳನ್ನೂ ಆಡಿಸಿದೆವು. ಆಟದಲ್ಲಿ ಅಂಕ ಏರಿತು, ಬ್ಯಾಗು ಮರೆಯುವುದು ನಿಲ್ಲಲಿಲ್ಲ. ಎಷ್ಟೋ ಅಧ್ಯಯನಗಳಲ್ಲೂ ಹಾಗೇ ಬಂದಿದೆ ಅಂತ ಆಮೇಲೆ ಗೊತ್ತಾಯಿತು. ಬಿಟ್ಟುಬಿಟ್ಟೆವು.

ರಜೆಗೆ ಅವನು ನಿಮ್ಮ ಹತ್ತಿರ ಇರುವಾಗ ಒಂದು ಸಲಕ್ಕೆ ಒಂದೇ ಮಾತು ಹೇಳಿ. ದೂರದಿಂದ ಕೂಗಿ ಹೇಳಬೇಡಿ, ಹತ್ತಿರ ಹೋಗಿ ಭುಜ ಮುಟ್ಟಿ, ಅವನು ಮುಖ ನೋಡಿದ ಮೇಲೆ ಹೇಳಿ, "ಏನು ಹೇಳಿದೆ ಹೇಳು" ಅಂತ ಅವನ ಬಾಯಲ್ಲೇ ಹೇಳಿಸಿ. ಬೆಳಗಿನ ಕೆಲಸಗಳ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದೇನೆ, ಅದನ್ನೇ ಕಳಿಸುತ್ತೇನೆ. ಗೋಡೆ ನೆನಪಿಟ್ಟುಕೊಂಡರೆ ಅವನ ತಲೆಗೆ ಜಾಗ ಉಳಿಯುತ್ತದೆ. "ಐದು ನಿಮಿಷ" ಅಂದರೆ ಎಷ್ಟು ಅಂತ ಅವನಿಗೆ ಅಂದಾಜು ಸಿಗುವುದಿಲ್ಲ, ಟೈಮರ್ ಇಟ್ಟರೆ ಸಿಗುತ್ತದೆ. ಓದುವಾಗ ಕಾಲು ಅಲ್ಲಾಡಿಸಿದರೆ, ಎದ್ದು ಓಡಾಡಿದರೆ ಅಪ್ಪ ಬೈಯಬಾರದು. 2015ರ ಒಂದು ಅಧ್ಯಯನದಲ್ಲಿ ಎಡಿಎಚ್‌ಡಿ ಇರುವ ಹುಡುಗರು ಹೆಚ್ಚು ಅಲ್ಲಾಡಿದಾಗಲೇ ಇಂಥ ನೆನಪಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರು. ಅವನು ಏಳರ ಮಗ್ಗಿ ಕಲಿತದ್ದು ಮನೆಯ ಹಾಲ್‌ನಲ್ಲಿ ಸುತ್ತು ಹಾಕುತ್ತಾ, ಕೂರಿಸಿದ್ದಾಗ ಒಂದು ತಿಂಗಳಾದರೂ ಬಂದಿರಲಿಲ್ಲ.

ಮತ್ತೆ, "ಎಷ್ಟು ಸಲ ಹೇಳಬೇಕು ನಿಂಗೆ" ಅನ್ನುವ ಮಾತು ನಮ್ಮ ಮನೆಯಲ್ಲಿ ನಿಂತಿದೆ. ನೀವೂ ನಿಲ್ಲಿಸಿ ಅಮ್ಮ, ದಯವಿಟ್ಟು. ಆ ಮಾತು ಕೇಳಿದರೆ ಅವನ ಮುಖ ಹೇಗಾಗುತ್ತದೆ ಅಂತ ನಾನು ನೋಡಿದ್ದೇನೆ.

ಹೋದ ವಾರ ನೀನು ಅರ್ಧಕ್ಕೆ ನಿಲ್ಲಿಸಿದ ಕಥೆ ಎಲ್ಲಿಗೆ ನಿಂತಿತ್ತು ಅಂತ ನನಗೆ ಮರೆತೇ ಹೋಗಿದೆ, ಅವನಿಗೆ ಪಕ್ಕಾ ನೆನಪಿದೆ. ಭಾನುವಾರ ಫೋನ್ ಮಾಡುತ್ತೇವೆ. ಅವನನ್ನೇ ಕೇಳಿ ಅಲ್ಲಿಂದ ಮುಂದುವರಿಸು.

ನಿನ್ನ ಮಗಳು