ದ್ವೀಪದ ದಿನದ ಬಿಲ್: ಕ್ರೂಸ್ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬಹಾಮಾಸ್ ಕ್ರೂಸ್‌ನ ಬುಕಿಂಗ್ ಕಾಗದ ಕಳಿಸಿ, "ಆಲ್ ಇನ್‌ಕ್ಲೂಸಿವ್ ಅಂತ ಬರೆದಿದೆ, ಪ್ರೈವೇಟ್ ಐಲೆಂಡ್‌ನಲ್ಲಿ ಮತ್ತೆ ಕಾಸು ಬಿಚ್ಚಬೇಕಿಲ್ಲ ತಾನೆ?" ಅಂತ ಕೇಳಿದ್ದೀಯ. ಬಿಚ್ಚಬೇಕಾಗುತ್ತದೆ ಮಾರಾಯ. ಎಷ್ಟು ಅನ್ನುವುದು ಮಾತ್ರ ನಿನ್ನ ಕೈಯಲ್ಲಿದೆ, ಅದೂ ಹಡಗು ಹತ್ತುವ ಮುಂಚೆಯೇ ಕೂತು ಲೆಕ್ಕ ಹಾಕಿದರೆ.

ಕ್ರೂಸ್ ಕಂಪನಿಗಳು ತಮ್ಮ ಪ್ರಯಾಣಿಕರಿಗಾಗಿಯೇ ಇಟ್ಟುಕೊಂಡಿರುವ ಈ ದ್ವೀಪಗಳು ಯಾಕೆ ಹುಟ್ಟಿಕೊಂಡವು ಅಂತ ತಿಳಿದರೆ ಬಿಲ್ ಅರ್ಥವಾಗುವುದು ಸುಲಭ. ಅಮೆರಿಕದ 1886ರ ಕಾಯ್ದೆಯೊಂದರ ಪ್ರಕಾರ, ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ವಾಪಸು ಬರುವುದಾದರೆ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಮ್ಮಿ ಎಲ್ಲವೂ ವಿದೇಶಿ ಧ್ವಜದವೇ. ಫ್ಲಾರಿಡಾದಿಂದ ಬಹಾಮಾಸ್‌ಗೆ ಒಂದು ರಾತ್ರಿಯ ದಾರಿ. ಹೇಗೂ ನಿಲ್ಲಲೇಬೇಕಾದ ಮೇಲೆ ಸ್ವಂತ ಜಾಗದಲ್ಲೇ ನಿಲ್ಲೋಣ ಅಂತ ಕಂಪನಿಗಳು ಲೆಕ್ಕ ಹಾಕಿದವು. 1977ರಲ್ಲಿ ನಾರ್ವೇಜಿಯನ್ ಎಂಬ ಕ್ರೂಸ್ ಕಂಪನಿ ಗ್ರೇಟ್ ಸ್ಟಿರಪ್ ಕೇ ಎಂಬ ದ್ವೀಪದಲ್ಲಿ ಶುರುಮಾಡಿತು. 1998ರಲ್ಲಿ ಡಿಸ್ನಿಯ ಕ್ಯಾಸ್ಟವೇ ಕೇ ಬಂತು. 2019ರಲ್ಲಿ ರಾಯಲ್ ಕೆರಿಬಿಯನ್ 25 ಕೋಟಿ ಡಾಲರ್ ಸುರಿದು ಕೋಕೋಕೇಯನ್ನು ಹೊಸದಾಗಿ ಕಟ್ಟಿತು, ಅದೇ ವರ್ಷದ ಕೊನೆಗೆ ಎಂಎಸ್‌ಸಿಯ ಓಷನ್ ಕೇ ತೆರೆಯಿತು. 2025ರ ಜುಲೈಯಲ್ಲಿ ಕಾರ್ನಿವಲ್ ಗ್ರ್ಯಾಂಡ್ ಬಹಾಮಾ ದಡದಲ್ಲಿ ಸೆಲೆಬ್ರೇಶನ್ ಕೀ ಆರಂಭಿಸಿತು. ಬಹಾಮಾಸ್ ರಾಜಧಾನಿ ನಾಸೌನಂಥ ಬಂದರಿನಲ್ಲಿ ದರ ಹಿಡಿಸದಿದ್ದರೆ ಗೇಟು ದಾಟಿ ಹತ್ತು ಅಂಗಡಿ ವಿಚಾರಿಸಬಹುದು. ಇಲ್ಲಿ ಗೇಟು ದಾಟಿದರೆ ಸಮುದ್ರ. ಮಾರುವವನು ಒಬ್ಬನೇ, ಅವನು ಹೇಳಿದ್ದೇ ದರ.

ಹಾಗಂತ ಬಿಟ್ಟಿ ಏನೂ ಇಲ್ಲ ಅಂದುಕೊಳ್ಳಬೇಡ. ಕೋಕೋಕೇಯಲ್ಲಿ ಕುರ್ಚಿ, ಕೊಡೆ, ಓಯಸಿಸ್ ಲಗೂನ್ ಎಂಬ ದೊಡ್ಡ ಸಿಹಿನೀರಿನ ಈಜುಕೊಳ, ಮಕ್ಕಳ ನೀರಾಟದ ಜಾಗ, ಓಡಾಡಲು ಟ್ರಾಮ್, ಮಧ್ಯಾಹ್ನದ ಊಟ ಎಲ್ಲವೂ ಟಿಕೆಟ್ಟಿನಲ್ಲೇ ಸೇರಿದೆ. ಕ್ಯಾಸ್ಟವೇ ಕೇಯಲ್ಲಿ ಬಾರ್ಬೆಕ್ಯೂ ಊಟ, ಸೋಡಾ, ಐಸ್‌ಕ್ರೀಮ್ ಬಿಟ್ಟಿ. ದುಡ್ಡು ಹೋಗುವುದು ಮುಖ್ಯವಾಗಿ ಮೂರು ಕಡೆ: ಕುಡಿಯುವುದಕ್ಕೆ, ಒಳ್ಳೆಯ ನೆರಳಿಗೆ, ಜನಜಂಗುಳಿಯಿಂದ ದೂರ ಕೂರುವುದಕ್ಕೆ. ಚಿಕ್ಕಪುಟ್ಟ ಖರ್ಚು ಆಮೇಲೆ.

ಕುಡಿಯುವುದರಿಂದಲೇ ಶುರುಮಾಡೋಣ, ಹೆಚ್ಚು ಜನ ಕೈಸುಟ್ಟುಕೊಳ್ಳುವುದು ಇಲ್ಲೇ. ಡ್ರಿಂಕ್ ಪ್ಯಾಕೇಜ್, ಅಂದರೆ ಮೊದಲೇ ದುಡ್ಡು ಕಟ್ಟಿ ದಿನವಿಡೀ ಕುಡಿಯುವ ವ್ಯವಸ್ಥೆ, ಹಡಗಿನಲ್ಲಿ ನಡೆಯುತ್ತದೆ ಅಂದಮಾತ್ರಕ್ಕೆ ದ್ವೀಪದಲ್ಲೂ ನಡೆಯುತ್ತದೆ ಅಂತಲ್ಲ. ರಾಯಲ್ ಕೆರಿಬಿಯನ್‌ನ ಪ್ಯಾಕೇಜ್ ಕೋಕೋಕೇಯಲ್ಲಿ ನಡೆಯುತ್ತದೆ. ನಾರ್ವೇಜಿಯನ್‌ನದು ಬೆಲೀಜ್‌ನ ಹಾರ್ವೆಸ್ಟ್ ಕೇಯಲ್ಲಿ ನಡೆಯುವುದಿಲ್ಲ, ಅಲ್ಲಿ ಊಟಕ್ಕೂ ದುಡ್ಡೇ. ಅದೇ ಕಂಪನಿಯ ಗ್ರೇಟ್ ಸ್ಟಿರಪ್ ಕೇಯಲ್ಲಿ ಊಟ ಬಿಟ್ಟಿ, ಪ್ಯಾಕೇಜೂ ನಡೆಯುತ್ತಿತ್ತು. ಆದರೆ 2026ರ ಮಾರ್ಚ್ 1ರಿಂದ ಮಾಮೂಲಿ ಪ್ಯಾಕೇಜ್ ಅಲ್ಲಿ ನಡೆಯುವುದಿಲ್ಲ ಅಂತ ಕಂಪನಿ 2025ರಲ್ಲಿ ಪ್ರಕಟಿಸಿತು. ಮೊದಲೇ ಬುಕ್ ಮಾಡಿದ್ದವರೆಲ್ಲ ಕೂಗಾಡಿದ್ದು ಇದಕ್ಕೇ. ಡಿಸ್ನಿಯಲ್ಲಿ ಅನಿಯಮಿತ ಮದ್ಯದ ಪ್ಯಾಕೇಜೇ ಇಲ್ಲ, ಬಿಯರ್‌ನಿಂದ ಹಿಡಿದು ಎಲ್ಲಕ್ಕೂ ಬಿಡಿ ದರ. ಹಾಗಾಗಿ ಪ್ಯಾಕೇಜಿನ ನಿಯಮಗಳಲ್ಲಿ ನಿನ್ನ ದ್ವೀಪದ ಹೆಸರು ಹಾಕಿ ಹುಡುಕು. "ಹಡಗಿನಲ್ಲಿ" ಎಂಬ ಪದ ಮಾತ್ರ ಇದ್ದು ದ್ವೀಪದ ಹೆಸರು ಕಾಣದಿದ್ದರೆ ನಡೆಯುವುದಿಲ್ಲ ಅಂತಲೇ ಲೆಕ್ಕ ಹಾಕು. ಕಂಪನಿಗೆ ಬರೆದು ಕೇಳು, ನಿನ್ನ ಪ್ರಯಾಣದ ದಿನಾಂಕ ಹಾಕಿಯೇ ಕೇಳು. ಬಂದ ಉತ್ತರದ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ.

ಒಂದು ಲೆಕ್ಕ ನೋಡು. ನೀವಿಬ್ಬರೂ ದ್ವೀಪದಲ್ಲಿ ತಲಾ ಮೂರು ಕಾಕ್‌ಟೇಲ್ ಕುಡಿದಿರಿ, ಒಂದಕ್ಕೆ 14 ಡಾಲರ್ ಅಂತಿಟ್ಟುಕೊ. ಆರಕ್ಕೆ 84. ಟಿಪ್ಸ್ ತಾನಾಗಿಯೇ ಸೇರುತ್ತದೆ, 18ರಿಂದ 20 ಪರ್ಸೆಂಟ್. 20 ಹಿಡಿದರೆ 16.80. ಬಹಾಮಾಸ್‌ನ ವ್ಯಾಟ್ 10 ಪರ್ಸೆಂಟ್, ಅದು ಬಿಲ್ಲಿಗೆ ಬಿದ್ದರೆ ಇನ್ನೊಂದು 8.40. ಒಟ್ಟು 109 ಡಾಲರ್ 20 ಸೆಂಟ್. ಮೆನುವಿನಲ್ಲಿ ಕಂಡದ್ದು 14, ನಿಜವಾಗಿ ಬಿದ್ದದ್ದು ಒಂದಕ್ಕೆ 18ಕ್ಕಿಂತ ಮೇಲೆ. ಬಾರಿನಲ್ಲಿ ಸಹಿ ಹಾಕುವಾಗ ಚೀಟಿಯಲ್ಲಿ "ಹೆಚ್ಚುವರಿ ಟಿಪ್" ಅಂತ ಖಾಲಿ ಗೆರೆ ಬಿಟ್ಟಿರುತ್ತಾರೆ. ಟಿಪ್ಸ್ ಆಗಲೇ ಸೇರಿದೆ, ಅಲ್ಲಿ ಮತ್ತೆ ಬರೆದರೆ ಎರಡನೇ ಸಲ ಕೊಟ್ಟ ಹಾಗೆ. ಕೊಡಬೇಕು ಅನ್ನಿಸಿದರೆ ಕೊಡು, ಗೊತ್ತಿಲ್ಲದೆ ಕೊಡಬೇಡ.

ಪ್ಯಾಕೇಜ್ ದರ ದಿನಕ್ಕಿಷ್ಟು ಅಂತ ಇರುತ್ತದೆ, ದ್ವೀಪದ ದಿನವನ್ನು ಕಳೆದು ಕೊಡುವುದಿಲ್ಲ. ದ್ವೀಪದಲ್ಲಿ ಪ್ಯಾಕೇಜ್ ನಡೆಯದಿದ್ದರೆ ಆ ದಿನ ಬೆಳಗಿನ ಕಾಫಿಗೂ ಸಂಜೆಯ ಬಾರಿಗೂ ಮಾತ್ರ ಅದು ಉಪಯೋಗ. ಮೂರು-ನಾಲ್ಕು ರಾತ್ರಿಯ ಪ್ರಯಾಣದಲ್ಲಿ ಇದು ದೊಡ್ಡ ನಷ್ಟ. ಜೊತೆಗೆ ರಾಯಲ್ ಕೆರಿಬಿಯನ್‌ನಲ್ಲಿ ಒಂದೇ ಕ್ಯಾಬಿನ್ನಿನ ವಯಸ್ಕರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ತಗೊಂಡರೆ ಉಳಿದವರೂ ತಗೋಬೇಕು. "ಫ್ರೀ" ಅಂತ ಟಿಕೆಟ್ಟಿನ ಜೊತೆ ಕೊಡುವ ಪ್ಯಾಕೇಜಿಗೂ ಟಿಪ್ಸ್ ದುಡ್ಡು ತಲಾ ದಿನಕ್ಕಿಷ್ಟು ಅಂತ ಬೀಳುತ್ತದೆ. ಪ್ಯಾಕೇಜಿಗೆ ದರದ ಮಿತಿಯೂ ಇರುತ್ತದೆ, ಮಿತಿ ದಾಟಿದ ಡ್ರಿಂಕ್‌ಗೆ ವ್ಯತ್ಯಾಸದ ದುಡ್ಡು ನಿನ್ನದು.

ನೀರಿಗೆ ದುಡ್ಡು ಸುರಿಯಬೇಡ. ಖಾಲಿ ಬಾಟಲಿ ಹಿಡಿದು ಹೋಗಿ ಕೋಕೋಕೇಯಂಥ ಕಡೆ ಊಟದ ಜಾಗದಲ್ಲೇ ತುಂಬಿಸಿಕೊ. ಗಾಜಿನ ಬಾಟಲಿ ಮಾತ್ರ ಬೇಡ, ಬೀಚಿಗೆ ಬಿಡುವುದಿಲ್ಲ. ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಇಳಿಯಲೂ ಆಗುವುದಿಲ್ಲ.

ಊಟದ ವಿಷಯ ಬೇಗ ಮುಗಿಯುತ್ತದೆ. ಕೋಕೋಕೇಯಲ್ಲಿ ಚಿಲ್ ಗ್ರಿಲ್, ಸ್ಕಿಪ್ಪರ್ಸ್ ಗ್ರಿಲ್, ಸ್ನ್ಯಾಕ್ ಶ್ಯಾಕ್ ಮೂರೂ ಬಿಟ್ಟಿ, ಕ್ಯಾಪ್ಟನ್ ಜ್ಯಾಕ್ಸ್‌ಗೆ ದುಡ್ಡು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಬೆಲೆಪಟ್ಟಿ ತೂಗುಹಾಕಿದ್ದರೆ ದುಡ್ಡು ಅಂತ ತಿಳಿ. ಸೆಲೆಬ್ರೇಶನ್ ಕೀಯಲ್ಲಿ ತಲಾ ಒಂದು ಊಟ ಬಿಟ್ಟಿ, ಎರಡನೆಯದಕ್ಕೆ ಬಿಲ್. ಹಡಗು ಕಟ್ಟೆಗೇ ಬಂದು ನಿಲ್ಲುವ ಕಡೆ ಊಟದ ದುಡ್ಡು ಉಳಿಸುವುದು ಸುಲಭ: ನಡೆದುಕೊಂಡು ಹಡಗಿಗೆ ಹೋಗಿ ಉಂಡು ಮತ್ತೆ ಇಳಿ. ಹಾರ್ವೆಸ್ಟ್ ಕೇಯಲ್ಲಿ ತಿಳಿದವರು ಮಾಡುವುದು ಇದನ್ನೇ. ದೋಣಿಯಲ್ಲಿ ದಾಟಿಸುವ ಟೆಂಡರ್ ಇರುವ ಕಡೆ ಈ ಉಪಾಯ ನಡೆಯುವುದಿಲ್ಲ, ಸಾಲಿನಲ್ಲೇ ಮಧ್ಯಾಹ್ನ ಹೋಗಿಬಿಡುತ್ತದೆ.

ಇನ್ನು ನೆರಳು. ಕುರ್ಚಿ ಎಲ್ಲ ಕಡೆಯೂ ಬಿಟ್ಟಿ. ಕೊಡೆ ಮಾತ್ರ ದ್ವೀಪದಿಂದ ದ್ವೀಪಕ್ಕೆ ಬೇರೆ, ಕೆಲವೆಡೆ ಬಿಟ್ಟಿ, ಕೆಲವೆಡೆ ಬಾಡಿಗೆ. ಬಿಟ್ಟಿ ಕೊಡೆ ಇರುವ ಕಡೆಯೂ ಕುರ್ಚಿಗೊಂದು ಕೊಡೆ ಇರುವುದಿಲ್ಲ. ಕೋಕೋಕೇ ಕಟ್ಟೆಗೆ ಏಕಕಾಲಕ್ಕೆ ಎರಡು ದೊಡ್ಡ ಹಡಗು ನಿಲ್ಲುತ್ತವೆ, ಅಂಥ ದಿನ ಸಾವಿರಾರು ಜನ ಒಟ್ಟಿಗೇ ಇಳಿಯುತ್ತಾರೆ. ನೀರಿನಂಚಿನ ಸಾಲು ಬೆಳಿಗ್ಗೆಯೇ ತುಂಬಿಬಿಡುತ್ತದೆ. ತಿಂಡಿ ಬೇಗ ಮುಗಿಸಿ ಮೊದಲ ಗಂಟೆಯಲ್ಲೇ ಇಳಿದು, ಕಟ್ಟೆಗೆ ಹತ್ತಿರದ ಬೀಚ್ ಬಿಟ್ಟು ಟ್ರಾಮ್ ಹತ್ತಿ ಅಲ್ಲಿನ ದೂರದ ಸೌತ್ ಬೀಚ್‌ಗೆ ಹೋದರೆ ಬಿಟ್ಟಿ ನೆರಳು ಸಿಗುವ ಸಾಧ್ಯತೆ ಹೆಚ್ಚು. ಹತ್ತೂವರೆಗೆ ಇಳಿದವರೇ ಸಿಕ್ಕ ಬಾಡಿಗೆ ನೆರಳಿಗೆ ಕೇಳಿದಷ್ಟು ಕೊಡುವುದು.

ಕಬಾನಾ, ಅಂದರೆ ದಿನದ ಬಾಡಿಗೆಗೆ ಸಿಗುವ ನೆರಳಿನ ಖಾಸಗಿ ಗುಡಿಸಲು, ಬೇರೆಯೇ ಲೆಕ್ಕ. ದರ ತಲೆಗಲ್ಲ, ಇಡೀ ಕಬಾನಾಕ್ಕೆ. ಆರೆಂಟು ಜನ ಹಂಚಿಕೊಂಡರೆ ತಡೆದುಕೊಳ್ಳಬಹುದು, ಇಬ್ಬರಿಗೆ ದಂಡ. ಕೋಕೋಕೇಯಲ್ಲಿರುವ ಕೋಕೋ ಬೀಚ್ ಕ್ಲಬ್‌ನ ನೀರಮೇಲಿನ ಕಬಾನಾಗಳ ದರ ಸಾವಿರ ಡಾಲರ್ ದಾಟುವುದು ಮಾಮೂಲು. ಬುಕ್ ಮಾಡುವಾಗ ಮೂರು ವಿಷಯ ಓದು: ಎಷ್ಟು ಜನಕ್ಕೆ, ಪಾರ್ಕ್ ಅಥವಾ ಕ್ಲಬ್ಬಿನ ಪ್ರವೇಶ ಅದರಲ್ಲೇ ಸೇರಿದೆಯೇ, ಸ್ನಾರ್ಕೆಲ್ (ನೀರಿನಡಿ ನೋಡಲು ಹಾಕುವ ಮಾಸ್ಕ್ ಮತ್ತು ಉಸಿರುಕೊಳವೆ) ಮತ್ತು ತೇಲುಚಾಪೆ ಸೇರಿದೆಯೇ. ಪ್ರವೇಶ ಸೇರಿದ್ದರೆ ಕೆಲವು ಸಲ ಬಿಡಿಬಿಡಿಯಾಗಿ ಟಿಕೆಟ್ ಕೊಳ್ಳುವುದಕ್ಕಿಂತ ಕಬಾನಾನೇ ಅಗ್ಗ ಬೀಳುತ್ತದೆ, ಕೂಡಿ ನೋಡು. ಪ್ರವೇಶ ಈಗಾಗಲೇ ಕೊಂಡು ಆಮೇಲೆ ಕಬಾನಾ ತಗೊಂಡರೆ ಮೊದಲಿನದನ್ನು ರದ್ದು ಮಾಡಲು ಮರೆಯಬೇಡ.

ಮಕ್ಕಳು ಜೊತೆಗಿದ್ದರೆ ಕೋಕೋಕೇಯ ಥ್ರಿಲ್ ವಾಟರ್‌ಪಾರ್ಕ್ ಕಣ್ಣಿಗೆ ಬೀಳದೆ ಇರುವುದಿಲ್ಲ, 135 ಅಡಿ ಎತ್ತರದ ಡೇರ್‌ಡೆವಿಲ್ಸ್ ಪೀಕ್ ಎಂಬ ಜಾರುಬಂಡಿ ಹಡಗಿನಿಂದಲೇ ಕಾಣುತ್ತದೆ. ಅದಕ್ಕೆ ಕನಿಷ್ಠ ಎತ್ತರ 48 ಇಂಚು, ಅಂದರೆ ಸುಮಾರು 122 ಸೆಂಟಿಮೀಟರ್. ಮನೆಯಲ್ಲೇ ಚಪ್ಪಲಿ ಬಿಚ್ಚಿಸಿ ಅಳೆ. ಒಂದಿಂಚು ಕಮ್ಮಿಯಾದರೂ ಬಿಡುವುದಿಲ್ಲ, ಟಿಕೆಟ್ ದುಡ್ಡಿಗೆ ಚಿಕ್ಕ ಜಾರುಬಂಡಿಗಳಷ್ಟೇ ದಕ್ಕುತ್ತವೆ. ದರ ವಿಮಾನದ ಟಿಕೆಟ್ಟಿನ ಹಾಗೆ ದಿನಾಂಕದ ಮೇಲೆ ಏರಿಳಿಯುತ್ತದೆ: ಜನ ಕಮ್ಮಿಯಿರುವ ವಾರಗಳಲ್ಲಿ 100 ಡಾಲರ್ ಒಳಗೆ ಸಿಗುವುದು ರಜೆಯ ವಾರದಲ್ಲಿ ಅದನ್ನು ಎಷ್ಟೋ ದಾಟುತ್ತದೆ. ಚಿಕ್ಕ ಮಕ್ಕಳಿಗೆ ಬಿಟ್ಟಿ ಸ್ಪ್ಲ್ಯಾಶ್‌ಅವೇ ಬೇ ಧಾರಾಳ ಸಾಕು. ಹದಿಹರೆಯದವರಿಗೆ ಪಾರ್ಕ್ ಪೈಸಾ ವಸೂಲ್, ಅದರಲ್ಲಿ ನನಗೆ ಅನುಮಾನವಿಲ್ಲ. ಜನರನ್ನು ಕೂರಿಸಿ ಮೇಲಕ್ಕೇರುವ ಹೀಲಿಯಂ ಬಲೂನಿಗೆ ಬೇರೆ ಟಿಕೆಟ್, ಗಾಳಿ ಜೋರಾದರೆ ಅದು ಹಾರುವುದೇ ಇಲ್ಲ. ವಯಸ್ಕರಿಗೆ ಮಾತ್ರ ಇರುವ ಹೈಡ್‌ಅವೇ ಬೀಚ್‌ಗೆ ಪ್ರವೇಶದ ದುಡ್ಡು ಒಂದು, ಅಲ್ಲಿ ಕುಡಿಯುವುದರ ದುಡ್ಡು ಇನ್ನೊಂದು. ಮಕ್ಕಳ ಗದ್ದಲದಿಂದ ದೂರ ಕೂರುವುದಷ್ಟೇ ಗುರಿಯಾದರೆ ಡಿಸ್ನಿಯ ಕ್ಯಾಸ್ಟವೇ ಕೇಯಲ್ಲಿರುವ ಸೆರೆನಿಟಿ ಬೇ ಬೀಚ್ ದುಡ್ಡಿಲ್ಲದೆ ಅದನ್ನೇ ಕೊಡುತ್ತದೆ.

ಯಾವಾಗ ಕೊಳ್ಳಬೇಕು? ಹಡಗು ಹತ್ತುವ ಮೊದಲು, ಆನ್‌ಲೈನ್‌ನಲ್ಲಿ. ಹತ್ತಿದ ಮೇಲೆ ದರ ಸಾಮಾನ್ಯವಾಗಿ ಏರುತ್ತದೆ, ಕಬಾನಾ ಖಾಲಿಯಾಗಿರುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ಪ್ರಯಾಣಕ್ಕೆ ಮುಂಚೆ ಕೊಂಡದ್ದರ ದರ ಆಮೇಲೆ ಇಳಿದರೆ, ಹಳೆಯದನ್ನು ರದ್ದು ಮಾಡಿ ಹೊಸ ದರಕ್ಕೆ ಮತ್ತೆ ಕೊಳ್ಳಬಹುದು. ವಾರಕ್ಕೊಮ್ಮೆ ನೋಡುತ್ತಿರು. ಮೊದಲು ಹೊಸದು ಸಿಗುತ್ತದೆ ಅಂತ ಖಚಿತಪಡಿಸಿಕೊಂಡೇ ಹಳೆಯದನ್ನು ಬಿಡು. ನಿನಗೆ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನ ಖರ್ಚಿಗೆ ಅಂತ ನಿನ್ನ ಖಾತೆಗೆ ಹಾಕುವ ಮೊತ್ತ) ಸಿಕ್ಕಿದ್ದರೆ ಅದು ಬಹುತೇಕ ಹಡಗು ಹತ್ತಿದ ಮೇಲಷ್ಟೇ ಖರ್ಚಿಗೆ ಬರುತ್ತದೆ. ಅದರಲ್ಲಿ ವಾಪಸು ಕೊಡದ ಬಗೆಯದು ಪ್ರಯಾಣ ಮುಗಿದ ಕೂಡಲೇ ಸತ್ತುಹೋಗುತ್ತದೆ. ಹಾಗಾಗಿ ದೊಡ್ಡ ಖರ್ಚನ್ನು ಮೊದಲೇ ಆನ್‌ಲೈನ್‌ನಲ್ಲಿ ಮುಗಿಸಿ, ದ್ವೀಪದ ಡ್ರಿಂಕ್ಸ್, ಬಾಡಿಗೆ ಎಲ್ಲ ಕ್ರೆಡಿಟ್‌ಗೆ ಬಿಡು.

ಗಾಳಿ ಅಥವಾ ಅಲೆ ಜೋರಾಗಿ ಹಡಗು ದ್ವೀಪಕ್ಕೆ ಹೋಗದಿರುವುದೂ ಉಂಟು, ಟೆಂಡರ್ ಇರುವ ಕಡೆ ಹೆಚ್ಚು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಆಗ ಕಂಪನಿಯಿಂದಲೇ ಕೊಂಡ ಕಬಾನಾ, ಪಾರ್ಕ್ ಟಿಕೆಟ್ಟಿನ ದುಡ್ಡು ವಾಪಸು ಬರುತ್ತದೆ. ಟಿಕೆಟ್ ದರ ಬರುವುದಿಲ್ಲ. ಡ್ರಿಂಕ್ ಪ್ಯಾಕೇಜಿನ ಆ ದಿನದ ಪಾಲೂ ಬರುವುದಿಲ್ಲ, ಹಡಗಿನಲ್ಲೇ ಕುಡಿ ಅಂತಾರೆ.

ಚಿಲ್ಲರೆ ಖರ್ಚುಗಳಲ್ಲಿ ಜಾಸ್ತಿ ಕಾಡುವುದು ಟವೆಲ್. ಹಡಗಿನವರು ಬಿಟ್ಟಿ ಕೊಡುತ್ತಾರೆ, ಕಳೆದರೆ ರಾಯಲ್ ಕೆರಿಬಿಯನ್‌ನಲ್ಲಿ 25 ಡಾಲರ್. ಎಲ್ಲರ ಟವೆಲೂ ಒಂದೇ ಬಣ್ಣ, ಅದಲುಬದಲಾಗಿ ಕೊನೆಗೆ ಒಂದು ಕಮ್ಮಿ ಬರುತ್ತದೆ. ಬಣ್ಣದ ಕ್ಲಿಪ್ ಸಿಕ್ಕಿಸಿಡು, ವಾಪಸು ಕೊಡುವಾಗ ಲೆಕ್ಕಕ್ಕೆ ತಗೊಂಡರೇ ಅಂತ ನೋಡು. ಸ್ನಾರ್ಕೆಲ್ ಮಾಸ್ಕ್ ಮನೆಯಿಂದಲೇ ತಗೊಂಡು ಹೋಗು. ಸನ್‌ಸ್ಕ್ರೀನ್, ನೀರಿನಲ್ಲಿ ಹಾಕುವ ಶೂ, ಫೋನಿಗೆ ನೀರು ಹೋಗದ ಚೀಲ ಇವೂ ಅಷ್ಟೇ. ಅಲ್ಲಿ ಮರೆತು ಕೊಂಡರೆ ದುಪ್ಪಟ್ಟು. ಸ್ಥಳೀಯ ಬಹಾಮಿಯನ್ನರು ಬುಟ್ಟಿ, ಟೋಪಿ ಮಾರುವ ಕಡೆ ಹಡಗಿನ ಕಾರ್ಡ್ (ಖರ್ಚನ್ನು ನಿನ್ನ ಹಡಗಿನ ಖಾತೆಗೆ ಬರೆಸುವ ಕಾರ್ಡ್) ನಡೆಯದೆ ಇರಬಹುದು, ಚಿಕ್ಕ ನೋಟುಗಳ ಅಮೆರಿಕನ್ ಡಾಲರ್ ಇಟ್ಟುಕೊ. ಬಹಾಮಿಯನ್ ಡಾಲರಿಗೂ ಅದಕ್ಕೂ ಒಂದಕ್ಕೊಂದು ಸರಿಸಮ.

ಜೆಟ್ ಸ್ಕೀ ಹತ್ತುವ ಮುನ್ನ ನಿನ್ನ ಟ್ರಾವೆಲ್ ಇನ್ಶೂರೆನ್ಸ್ ಓದು. ಮೋಟಾರಿನ ನೀರಾಟವನ್ನು ಎಷ್ಟೋ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಕಾಲಿಗೆ ಏನಾದರೂ ಚುಚ್ಚಿ ಹಡಗಿನ ಡಾಕ್ಟರ ಹತ್ತಿರ ಹೋದರೆ ಆ ಫೀಸು ಯಾವ ಪ್ಯಾಕೇಜಿನಲ್ಲೂ ಸೇರಿಲ್ಲ, ನೇರ ನಿನ್ನ ಖಾತೆಗೆ ಬೀಳುತ್ತದೆ. ರಸೀದಿ ಕೇಳಿ ಇಟ್ಟುಕೊ, ಕ್ಲೇಮ್‌ಗೆ ಬೇಕು.

ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡ, ಕ್ರೆಡಿಟ್ ಕಾರ್ಡ್ ಕೊಡು. ಖರ್ಚಾದ ಹಾಗೆಲ್ಲ ಅವರು ಬ್ಯಾಂಕಿನಲ್ಲಿ ಮೊತ್ತ ತಡೆಹಿಡಿಯುತ್ತಾರೆ, ಡೆಬಿಟ್ ಆದರೆ ನಿನ್ನದೇ ದುಡ್ಡು ಪ್ರಯಾಣ ಮುಗಿದ ಮೇಲೂ ಎಷ್ಟೋ ದಿನ ಸಿಕ್ಕಿಹಾಕಿಕೊಂಡಿರುತ್ತದೆ. ಮಕ್ಕಳ ಹಡಗಿನ ಕಾರ್ಡಿನ ಖರ್ಚು ಮೊದಲ ದಿನವೇ ಮುಚ್ಚಿಸು ಅಥವಾ ಮಿತಿ ಹಾಕಿಸು. ದ್ವೀಪದಿಂದ ಬಂದ ರಾತ್ರಿಯೇ ಆ್ಯಪ್‌ನಲ್ಲಿ ಬಿಲ್ ತೆರೆದು ಸಾಲುಸಾಲಾಗಿ ನೋಡು. ಎರಡು ಸಲ ಬಿದ್ದ ಡ್ರಿಂಕ್, ವಾಪಸು ಕೊಟ್ಟ ಟವೆಲಿನ ದಂಡ, ರದ್ದಾದ ಬಲೂನಿನ ದುಡ್ಡು ಅಲ್ಲೇ ಸಿಗುತ್ತವೆ. ದೂರು ಕೇಳುವ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಮಾರನೇ ಬೆಳಿಗ್ಗೆಯೇ ಹೋಗು, ಕೊನೆಯ ರಾತ್ರಿ ಅಲ್ಲಿನ ಸಾಲು ಲಿಫ್ಟಿನ ತನಕ ಬೆಳೆದಿರುತ್ತದೆ.

ನಿನ್ನ ಹಡಗಿನ ಹೆಸರು, ಹೊರಡುವ ದಿನಾಂಕ, ಯಾವ ದ್ವೀಪ ಅಂತ ತಿಳಿಸು. ಪ್ಯಾಕೇಜಿನ ನಿಯಮದ ಪುಟವನ್ನೂ ಕಳಿಸಿದರೆ ತಗೋಬೇಕೋ ಬೇಡವೋ ಅಂತ ಲೆಕ್ಕ ಹಾಕಿ ಹೇಳುತ್ತೇನೆ.

ನಿನ್ನ ಗೆಳೆಯ