ಕರಗುವ ಹೊಲಿಗೆ, ಕರಗದ ತವರ

ಮಾನ್ಯ ಸಂಪಾದಕರೇ,

ದೇಹದೊಳಗೆ ತಾನಾಗಿಯೇ ಕರಗಿಹೋಗುವ ಹೊಲಿಗೆ ದಾರ ಮತ್ತು ಮೂಳೆ ಜೋಡಿಸುವ ಸ್ಕ್ರೂಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇವುಗಳನ್ನು ಮಾಡುವ ಪಾಲಿಎಸ್ಟರುಗಳು (ಸಣ್ಣ ಅಣುಗಳನ್ನು ಸರಪಳಿಯಂತೆ ಜೋಡಿಸಿದ ಒಂದು ಬಗೆಯ ಪಾಲಿಮರುಗಳು) ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿಬಿಡುವುದರಿಂದ ಒಳಗೆ ಏನೂ ಉಳಿಯುವುದಿಲ್ಲವೆಂಬ ಭಾವನೆ ಓದುಗರಲ್ಲಿ ಮೂಡುವಂತೆ ಅದು ಇತ್ತು. ಪಾಲಿಮರಿನ ಮಟ್ಟಿಗೆ ಆ ಮಾತು ಒಪ್ಪುವಂಥದ್ದೇ. ಅದನ್ನು ತಯಾರಿಸಲು ಬಳಸಿದ ಕ್ರಿಯಾವರ್ಧಕದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇಂಥ ಪಾಲಿಎಸ್ಟರುಗಳಲ್ಲಿ ಒಂದಾದ ಪಾಲಿಲ್ಯಾಕ್ಟಿಕ್ ಆಮ್ಲವನ್ನು ಸಾಮಾನ್ಯವಾಗಿ ಲ್ಯಾಕ್ಟೈಡ್ ಎಂಬ ಉಂಗುರಾಕಾರದ ಅಣುಗಳನ್ನು ಬಿಡಿಸಿ, ಒಂದರ ತುದಿಗೆ ಇನ್ನೊಂದನ್ನು ಪೋಣಿಸುತ್ತ ಹೋಗಿ ತಯಾರಿಸುತ್ತಾರೆ. ದಶಕಗಳಿಂದ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುತ್ತಿರುವುದು ತವರದ ಸಂಯುಕ್ತವಾದ ಸ್ಟ್ಯಾನಸ್ ಆಕ್ಟೋಯೇಟ್. ಕರಗಿದ ಲ್ಯಾಕ್ಟೈಡಿನಲ್ಲಿ ಅದು ಸುಲಭವಾಗಿ ಬೆರೆಯುತ್ತದೆ, ಬೇರೆ ದ್ರಾವಕ ಬೇಡುವುದಿಲ್ಲ, ಉದ್ದನೆಯ ಸರಪಳಿಗಳನ್ನು ಕೊಡುತ್ತದೆ. ಹಾಗಾಗಿ ಉದ್ಯಮ ಅದನ್ನು ಬಿಟ್ಟುಕೊಡಲು ಹಿಂಜರಿಯುವುದು ಅರ್ಥವಾಗುವಂಥದ್ದೇ. ಆದರೆ ಪ್ರತಿ ಹೊಸ ಲ್ಯಾಕ್ಟೈಡ್ ಅಣು ಸೇರುವುದು ತವರ ಮತ್ತು ಆಮ್ಲಜನಕದ ನಡುವಿನ ಬಂಧದೊಳಕ್ಕೆ. ಅಂದರೆ ತವರವು ಬೆಳೆಯುವ ಸರಪಳಿಯ ತುದಿಯಲ್ಲೇ ಕಚ್ಚಿಕೊಂಡಿರುತ್ತದೆ ಮತ್ತು ಕೆಲಸ ಮುಗಿದ ಮೇಲೆ ಸೋಸಿ ತೆಗೆಯಲು ಸಿಗುವುದಿಲ್ಲ.

ಎಷ್ಟು ಉಳಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಲ್ಯಾಕ್ಟೈಡಿನ ಅಣುತೂಕ 144, ತವರದ ಪರಮಾಣು ತೂಕ ಸುಮಾರು 119. ಸಾವಿರ ಲ್ಯಾಕ್ಟೈಡ್ ಅಣುಗಳಿಗೆ ಒಂದು ತವರದ ಪರಮಾಣು ಹಾಕಿದರೆ ತೂಕದ ಲೆಕ್ಕದಲ್ಲಿ ಸುಮಾರು 820 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 820 ಭಾಗ), ಹತ್ತು ಸಾವಿರಕ್ಕೆ ಒಂದು ಹಾಕಿದರೂ ಸುಮಾರು 80 ಪಿಪಿಎಂ ತವರ ಪಾಲಿಮರಿನಲ್ಲಿ ಸೇರಿರುತ್ತದೆ. ವೈದ್ಯಕೀಯ ಪಾಲಿಮರುಗಳ ಬಗೆಗಿನ ಸಂಶೋಧನಾ ಪ್ರಬಂಧಗಳಲ್ಲಿ ಉಳಿದ ತವರಕ್ಕೆ ಸಾಮಾನ್ಯವಾಗಿ ಉಲ್ಲೇಖವಾಗುವ ಮಿತಿ 20 ಪಿಪಿಎಂ. ಆ ಮಟ್ಟಕ್ಕೆ ಇಳಿಸಲು ಪಾಲಿಮರನ್ನು ಕ್ಲೋರೋಫಾರ್ಮಿನಂತಹ ದ್ರಾವಕದಲ್ಲಿ ಕರಗಿಸಿ, ಮೆಥನಾಲಿಗೆ ಸುರಿದು ಮತ್ತೆ ಘನರೂಪದಲ್ಲಿ ಬೇರ್ಪಡಿಸಿ ತೆಗೆಯುವುದು ಪ್ರಯೋಗಾಲಯದ ರೂಢಿ. ಹೀಗೆ ಒಂದು ಶೇಷವನ್ನು ಕಳೆಯಲು ಹೋಗಿ ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ. ಔಷಧಗಳಲ್ಲಿ ಕ್ಲೋರೋಫಾರ್ಮಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಇಟ್ಟಿರುವ ಮಿತಿ ಕೇವಲ 60 ಪಿಪಿಎಂ.

ಇದನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಹಡಗುಗಳ ಬಣ್ಣದಲ್ಲಿ ನಿಷೇಧಕ್ಕೊಳಗಾದ ಟ್ರೈಬ್ಯುಟೈಲ್ ತವರ ಬೇರೆ, ಇದು ಬೇರೆ. ಔಷಧಗಳಲ್ಲಿನ ಲೋಹಾಂಶದ ಬಗೆಗಿನ ಐಸಿಎಚ್ (ಔಷಧ ನಿಯಮಗಳನ್ನು ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿ) ಮಾರ್ಗಸೂಚಿ ಚುಚ್ಚುಮದ್ದಿನ ಮೂಲಕ ದಿನಕ್ಕೆ 600 ಮೈಕ್ರೋಗ್ರಾಂವರೆಗೆ ತವರವನ್ನು ಒಪ್ಪುತ್ತದೆ. ಒಂದು ಗ್ರಾಂ ತೂಕದ ಸ್ಕ್ರೂನಲ್ಲಿ 80 ಪಿಪಿಎಂ ಇದ್ದರೂ ಒಟ್ಟು ತವರ 80 ಮೈಕ್ರೋಗ್ರಾಂ ಮಾತ್ರ. ಆದರೆ ಆ ಮಿತಿ ಇಡೀ ದೇಹಕ್ಕೆ ಹರಡುವ ಔಷಧಕ್ಕೆ ಹಾಕಿದ್ದು. ಮೂಳೆಯೊಳಗೆ ವರ್ಷಗಟ್ಟಲೆ ಕೂತು, ನಿಧಾನವಾಗಿ ಸವೆದು, ಒಂದೇ ಕಡೆಯ ಜೀವಕೋಶಗಳ ಪಕ್ಕದಲ್ಲಿ ತನ್ನ ಶೇಷವನ್ನು ಬಿಡುವ ವಸ್ತುವಿಗೆ ಅದನ್ನು ಹಾಗೆಯೇ ಅನ್ವಯಿಸುವುದು ನನಗೆ ಸಮಾಧಾನ ತರುವುದಿಲ್ಲ. ತವರ ಉಳಿದಷ್ಟೂ ಪಾಲಿಮರನ್ನು ಕರಗಿಸಿ ಅಚ್ಚಿಗೆ ಹಾಕುವಾಗ ಸರಪಳಿಗಳು ಮತ್ತೆ ಲ್ಯಾಕ್ಟೈಡಾಗಿ ಬಿಚ್ಚಿಕೊಳ್ಳುತ್ತವೆ ಎಂಬುದೂ ಗಮನಿಸಬೇಕಾದದ್ದು.

ತವರದ ಬದಲು ಬಳಸಬಹುದಾದ ಸತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕಬ್ಬಿಣ ದೇಹಕ್ಕೆ ಹೊಸಬರಲ್ಲ. ಅದೇ ಮಾರ್ಗಸೂಚಿ ಇವುಗಳ ವಿಷತ್ವ ಕಡಿಮೆಯೆಂಬ ಕಾರಣಕ್ಕೆ ಇವಕ್ಕೆ ದೈನಂದಿನ ಮಿತಿಯನ್ನೇ ನಿಗದಿಪಡಿಸಿಲ್ಲ. ಸತುವಿನ ಲ್ಯಾಕ್ಟೇಟ್ ಬಳಸಿ ಪಾಲಿಲ್ಯಾಕ್ಟಿಕ್ ಆಮ್ಲ ತಯಾರಿಸುವ ವಿಧಾನ ಬಹಳ ಹಿಂದೆಯೇ ಸಿದ್ಧವಾಗಿದೆ, ಆದರೆ ಅದು ದಿನಗಟ್ಟಲೆ ಸಮಯ ತೆಗೆದುಕೊಳ್ಳುತ್ತದೆ. 1999ರಲ್ಲಿ ಪ್ರಕಟವಾದ ಸತುವಿನ ಒಂದು ಸಂಕೀರ್ಣ ಸಂಯುಕ್ತ ಸಾಮಾನ್ಯ ಉಷ್ಣಾಂಶದಲ್ಲಿ ಅರ್ಧ ಗಂಟೆಯೊಳಗೆ ಈ ಕೆಲಸ ಮುಗಿಸಿ ಆಸೆ ಹುಟ್ಟಿಸಿತು. ಅಂಥವು ತೇವಾಂಶ ತಾಗಿದರೆ ಕೆಡುತ್ತವೆ ಎಂಬುದು ಒಂದು ತೊಡಕು. ಸತುವಿಗೆ ಅಂಟಿಕೊಂಡಿರುವ ಸಾವಯವ ಭಾಗ ದೇಹದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು.

ಲೋಹವೇ ಇಲ್ಲದ ಕ್ರಿಯಾವರ್ಧಕಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 2001ರಲ್ಲಿ ಲ್ಯಾಕ್ಟೈಡಿನ ಮೇಲೆ ಮೊದಲು ಪ್ರಯೋಗಿಸಿದ ಸಾವಯವ ಕ್ರಿಯಾವರ್ಧಕಗಳಲ್ಲಿ ಒಂದಾದ ಡಿಎಂಎಪಿ (ಡೈಮೀಥೈಲ್ಅಮೈನೋಪಿರಿಡೀನ್) ಚರ್ಮದ ಮೂಲಕವೇ ಒಳಹೋಗಿ ತೀವ್ರ ವಿಷವಾಗಬಲ್ಲ ವಸ್ತು. ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವಗಳು ಕ್ಯಾಪ್ರೋಲ್ಯಾಕ್ಟೋನ್ ಎಂಬ ಇನ್ನೊಂದು ಉಂಗುರಾಕಾರದ ಅಣುವಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವಾದರೂ ಲ್ಯಾಕ್ಟೈಡಿನ ಮೇಲೆ ನಿಧಾನ.

ಹಾಗಾಗಿ ಹೊಸ ಕ್ರಿಯಾವರ್ಧಕವೊಂದು ಸುರಕ್ಷಿತವೆಂದು ಹೇಳುವವರು ಅದರಲ್ಲಿ ತವರವಿಲ್ಲ ಎಂದಷ್ಟೇ ಹೇಳಿ ನಿಲ್ಲಬಾರದು. ಶುದ್ಧೀಕರಣದ ನಂತರ ಎಷ್ಟು ಪಿಪಿಎಂ ಉಳಿದಿದೆ, ಯಾವ ರೂಪದಲ್ಲಿ ಉಳಿದಿದೆ ಎಂಬುದನ್ನು ಅವರು ಕೊಡಬೇಕು. ಜೀವಕೋಶ ಪರೀಕ್ಷೆಗೆ ಸಾಮಾನ್ಯವಾಗಿ ಹೊಸ ಪಾಲಿಮರನ್ನು ದ್ರವದಲ್ಲಿ ಒಂದರಿಂದ ಮೂರು ದಿನ ನೆನೆಸಿ, ಆ ದ್ರವವನ್ನು ಕೋಶಗಳ ಮೇಲೆ ಹಾಕಿ ನೋಡುತ್ತಾರೆ. ಎರಡನೇ ವರ್ಷ ಒಡೆಯುವ ಸ್ಕ್ರೂನಿಂದ ಏನು ಹೊರಬರುತ್ತದೆ ಎಂಬುದು ಆ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಬಹುಪಾಲು ವಿಘಟನೆಯಾದ ಮಾದರಿಯಿಂದ ತೆಗೆದ ದ್ರವವನ್ನೂ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಬೇಕು. ನಿಮ್ಮ ವರದಿಗಾರರು ಮುಂದಿನ ಬಾರಿ ಈ ಕ್ಷೇತ್ರದ ಸಂಶೋಧಕರನ್ನು ಭೇಟಿಯಾದಾಗ ಈ ಎರಡು ವಿವರಗಳನ್ನು ಕೇಳಿ ಬರೆಯಲಿ ಎಂದು ವಿನಂತಿಸುತ್ತೇನೆ.

ಇತಿ,
ಪಾಲಿಮರ್ ರಸಾಯನ ವಿಜ್ಞಾನ ಬೋಧಿಸುವ ಓದುಗ